ಅಜ್ಜಿ ಬರೆದ ಟೆನಿಸ್ ಕೋರ್ಟು

ಹೋದ ವಾರ ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಬ್ಯಾಂಕಿಗೆ ಹೋಗಿದ್ದೆ. ಕೌಂಟರಿನ ಮುಂದೆ ನೆಲಕ್ಕೊಂದು ಹಳದಿ ಪಟ್ಟಿ ಅಂಟಿಸಿ, ಸರದಿಯವರು ಇದರ ಹಿಂದೆ ನಿಲ್ಲಬೇಕು ಅಂತ ಬೋರ್ಡು ಹಾಕಿದ್ದಾರೆ. ನನ್ನ ಸರದಿ ಬಂತು. ಮಂಡಿನೋವಿನ, ಅರವತ್ತರ ಹತ್ತಿರದ ಹೆಂಗಸು ನಾನು, ಪಾಸ್‌ಬುಕ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಸೀರೆ ನೆರಿಗೆ ಎತ್ತಿ ಹಿಡಿದು, ಆ ಪಟ್ಟಿಯನ್ನು ಟಣ್ಣನೆ ನೆಗೆದು ಆಚೆ ಬಿದ್ದೆ. ಬಾಗಿಲಲ್ಲಿದ್ದ ಸೆಕ್ಯೂರಿಟಿಯವನು ಓಡಿ ಬಂದು, "ಏನಾಯ್ತು ಮೇಡಂ? ಹಾವು ಗೀವು ಬಂತಾ?" ಅಂತ ನೆಲವೆಲ್ಲ ಹುಡುಕಿದ. ಇಲ್ಲಪ್ಪ, ಗೆರೆ ದಾಟಿದೆ ಅಷ್ಟೆ ಅಂದರೆ ಅವನಿಗೆ ಏನು ಅರ್ಥವಾಗಬೇಕು!

ಇದು ಇವತ್ತು ನಿನ್ನೆಯ ಚಾಳಿಯಲ್ಲ. ನೆಲದ ಮೇಲೆ ಗೆರೆ ಕಂಡರೆ ನಾನು ದಾಟುತ್ತೇನೆ, ತುಳಿಯುವುದಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮ ಯಜಮಾನರು ಇದು ಯಾವುದೋ ತವರುಮನೆಯ ವ್ರತವಿರಬೇಕು ಅಂದುಕೊಂಡು ಕೇಳಲು ಸಂಕೋಚಪಟ್ಟು ಸುಮ್ಮನಿದ್ದರಂತೆ. ಈಗ ಮೊಮ್ಮಗಳು ರಸ್ತೆಯಲ್ಲಿ ಬೇಕೆಂದೇ "ಅಜ್ಜೀ, ಲೈನ್!" ಅಂತ ಕೂಗಿ ನನ್ನನ್ನು ಕುಣಿಸುತ್ತಾಳೆ. ಹೇಳಿದರೆ ನಂಬುತ್ತೀರೋ ಇಲ್ಲವೋ, ಈ ನೆಗೆತಕ್ಕೆ ಒಂದು ಕಾಲದಲ್ಲಿ ಪೇಪರಿನಲ್ಲಿ ಫೋಟೋ ಬಂದಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ, ಸರಿಯಾಗಿ ಮೂರು ತಿಂಗಳ ಕಾಲ, ನಾನು ತುಮಕೂರಿನ ಟೆನಿಸ್ ತಾರೆಯಾಗಿದ್ದೆ. ನಗಬೇಡಿ, ಮುಂದೆ ನಗುವುದಕ್ಕೆ ಬೇಕಾದಷ್ಟಿದೆ.

ನಮ್ಮಪ್ಪ ರುದ್ರಯ್ಯ ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರು. ಸಂಜೆ ಆಫೀಸು ಮುಗಿದ ಮೇಲೆ ಸಾಹೇಬರುಗಳ ಕ್ಲಬ್ಬಿಗೆ ಹೋಗಿ ಅಲ್ಲಿಯ ಕಾಗದಪತ್ರ ನೋಡಿಕೊಳ್ಳುವುದು ಅವರಿಗೆ ಅಂಟಿಕೊಂಡಿದ್ದ ಹೆಚ್ಚಿನ ಕೆಲಸ. ಕ್ಲಬ್ಬಿನ ಹಿಂದುಗಡೆ ಕೆಮ್ಮಣ್ಣಿನ ಟೆನಿಸ್ ಕೋರ್ಟಿತ್ತು. ಅದರ ಗೆರೆಗಳನ್ನು ಮೊದಲು ಮಾಲಿ ಹಾಕುತ್ತಿದ್ದನಂತೆ. ಅವನು ಹಾಕಿದ ಗೆರೆ ದೇವರಾಯನದುರ್ಗದ ರಸ್ತೆಯ ಹಾಗೆ ಸೊಟ್ಟಗೆ ಹೋಗುತ್ತಿತ್ತು. ಅಪ್ಪನಿಗೆ ಸೊಟ್ಟ ಕಂಡರೆ ಆಗದು. ಒಂದು ದಿನ ಹುರಿ ಹಿಡಿದು, ತಳಕ್ಕೆ ತೂತು ಕೊರೆದ ಹಾಲಿನ ಪುಡಿ ಡಬ್ಬದಲ್ಲಿ ಸುಣ್ಣ ತುಂಬಿ ತಾವೇ ಗೆರೆ ಹಾಕಿದರು. ಅಂದಿನಿಂದ ಅದು ಅವರದೇ ಕೆಲಸವಾಯಿತು. ಸಾಹೇಬರುಗಳು ಆಡುವಾಗ ಗೆರೆಯಾಚೆ ನಿಂತು ಸ್ಕೋರು ಹೇಳುವುದೂ ಅವರೇ. ಹನ್ನೆರಡು ವರ್ಷ ಹಾಗೆ ನಿಂತಿದ್ದರು. ಯಾವ ಹೊಡೆತಕ್ಕೆ ಮಣಿಕಟ್ಟು ಹೇಗೆ ತಿರುಗಬೇಕು ಅನ್ನುವುದೆಲ್ಲ ಬಾಯಿಪಾಠ, ಆದರೆ ಒಂದು ದಿನವೂ ರ‍್ಯಾಕೆಟ್ ಹಿಡಿದವರಲ್ಲ. ಆಡಬೇಡ ಅಂತ ಯಾರೂ ಹೇಳಿರಲಿಲ್ಲ, ಬಾ ಆಡು ಅಂತಲೂ ಯಾರೂ ಕರೆದಿರಲಿಲ್ಲ.

ವರ್ಗವಾಗಿ ಹೊರಟ ಒಬ್ಬ ಸಾಹೇಬರು ತಮ್ಮ ಹಳೆಯ ರ‍್ಯಾಕೆಟ್ಟನ್ನು ಅಪ್ಪನ ಕೈಗಿಟ್ಟು, "ನಿಮ್ಮ ಹುಡುಗಿ ಆಡ್ಲಿ ಬಿಡಿ ರುದ್ರಯ್ಯ" ಅಂದರು. ಮರದ ರ‍್ಯಾಕೆಟ್ಟು. ಅದು ಡೊಂಕಾಗದಿರಲಿ ಅಂತ ನಾಲ್ಕು ಮೂಲೆಗೂ ತಿರುಪುಗಳಿದ್ದ ಒಂದು ಮರದ ಚೌಕಟ್ಟಿನೊಳಗೆ ಅದನ್ನು ಬಿಗಿದಿಡಬೇಕು. ಅದಕ್ಕೆ ಪ್ರೆಸ್ಸು ಅನ್ನುತ್ತಿದ್ದರು. ಅಮ್ಮ ಆ ಪ್ರೆಸ್ಸನ್ನು ಕಂಡವಳೇ, "ಒಳ್ಳೇದಾಯ್ತು, ಹಪ್ಪಳ ಒತ್ತಕ್ಕೆ ಆಗುತ್ತೆ" ಅಂದಳು. ಅಪ್ಪ ರ‍್ಯಾಕೆಟ್ಟನ್ನು ಮಂಚದ ಕೆಳಗಿನಿಂದ ತೆಗೆದು ಬೀರುವಿನ ಮೇಲೆ, ಅಮ್ಮನ ಕೈಗೆಟುಕದ ಕಡೆ ಇಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಾನು ತಾರೆಯಾಗುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಬೇಸಿಗೆ ರಜಕ್ಕೆ ನಾವು ಗುಬ್ಬಿಗೆ, ಅಮ್ಮನ ತವರಿಗೆ ಹೋದೆವು. ರ‍್ಯಾಕೆಟ್ಟೂ ಬಂತು. ಗುಬ್ಬಿಯಿಂದ ಒಂದು ಮೈಲಿಯಾಚೆ ಅಜ್ಜಿಯ ಮನೆ, ಮನೆಯ ಹಿಂದೆ ತೆಂಗಿನ ತೋಟ, ಪಕ್ಕದಲ್ಲಿ ರಾಗಿ ಒಕ್ಕುವ ಕಣ. ಯುಗಾದಿ ಕಳೆದ ಮೇಲೆ ಕಣಕ್ಕೆ ಕೆಲಸವೇನಿರುತ್ತದೆ? ಗಟ್ಟಿಯಾಗಿ, ಸಮತಟ್ಟಾಗಿ, ಸಗಣಿ ಬಳಿಸಿಕೊಂಡು ಸುಮ್ಮನೆ ಬಿದ್ದಿತ್ತು. ನನ್ನ ಸೋದರಮಾವ ನಂಜುಂಡಮಾವ ಅದನ್ನು ನೋಡಿ, "ಭಾವ, ಇದ್ಕಿಂತ ಬೇಕಾ ನಿಮ್ ಟೆನಿಸ್ಸಿಗೆ?" ಅಂದ. ಅಪ್ಪ ಕಾಗದದ ಮೇಲೆ ಕೋರ್ಟಿನ ಚಿತ್ರ ಬರೆದರು. ಪೂರ್ತಿ ಅಳತೆ ಕಣದಲ್ಲಿ ಹಿಡಿಸಲಿಲ್ಲ, ಮುಕ್ಕಾಲಿಗಿಳಿಸಿದರು. ನಡುಮಧ್ಯೆ ಎತ್ತು ಕಟ್ಟುವ ಮೇಟಿ ಕಂಬ ಹೇಗೂ ಇತ್ತು. ಅದಕ್ಕೂ ಎರಡು ಬದಿಯ ಗೂಟಗಳಿಗೂ ತೆಂಗಿನ ಹಗ್ಗ ಎಳೆದು ಅಮ್ಮನ ಹಳೆಯ ಸೀರೆ ಇಳಿಬಿಟ್ಟರೆ ನೆಟ್ಟು ರೆಡಿ. ಗೆರೆ ಹಾಕುವುದಕ್ಕೆ ಅಪ್ಪ ಸುಣ್ಣ ಕೇಳಿದರು. ಅಜ್ಜಿ ಅಡ್ಡ ಬಂದಳು.

"ಸುಣ್ಣ ಗಿಣ್ಣ ನನ್ ಕಣಕ್ಕೆ ಹಾಕ್ಬ್ಯಾಡಿ ಅಳಿಯಂದ್ರೆ. ಲಕ್ಷ್ಮಿ ಇರೋ ಜಾಗ. ಆ ಕಾಗ್ದ ಇಲ್ ಕೊಡಿ, ನಾನು ಬರೀತೀನಿ."

ಮರುದಿನ ನಾವು ಏಳುವಷ್ಟರಲ್ಲಿ ಕಣವನ್ನು ಹೊಸದಾಗಿ ಸಾರಿಸಿ, ಹುರಿ ಎಳೆದು ಗುರುತು ಮಾಡಿಕೊಂಡು, ಅದರ ಮೇಲೆ ರಂಗೋಲಿ ಪುಡಿಯಲ್ಲಿ ಟೆನಿಸ್ ಕೋರ್ಟು ಬರೆದು ಮುಗಿಸಿದ್ದಳು. ವರ್ಷಗಟ್ಟಲೆ ಗೆರೆ ಹಾಕಿದ್ದ ಅಪ್ಪ ಕಣದ ಸುತ್ತ ಎರಡು ಸಲ ತಿರುಗಿ ನೋಡಿ, "ಅತ್ತೆ, ನಂಗಿಂತ ನೆಟ್ಟಗೆ ಹಾಕಿದೀರಲ್ಲ" ಅಂದರು. ಒಂದೇ ತಕರಾರು. ಬರೀ ಗೆರೆಗಳಿದ್ದರೆ ಬೋಳು ಹಣೆಯ ಹಾಗೆ ಕಾಣುತ್ತದೆ ಅಂತ ನಾಲ್ಕು ಮೂಲೆಗೂ, ಗೆರೆಗೆ ತಾಗಿದಂತೆ ಒಳಗಡೆ, ಅಂಗೈಯಗಲದ ಒಂದೊಂದು ಕಮಲ ಬರೆದಿದ್ದಳು. ಅಪ್ಪ ತಲೆ ಕೆರೆದುಕೊಂಡರು, ಅಳಿಸಿ ಅನ್ನುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ಹೆಣ್ಣುಮಕ್ಕಳು ಕಲಿಯುವ ಮೊದಲ ಪಾಠ ನಿಮಗೆ ಗೊತ್ತೇ ಇದೆ: ರಂಗೋಲಿ ತುಳಿಯಬಾರದು. ಅಜ್ಜಿ ಕಣದ ಅಂಚಿನಲ್ಲಿ ಮೊರದ ತುಂಬ ಚೆಂಡಿಟ್ಟುಕೊಂಡು ಕೂತು ಒಂದೊಂದಾಗಿ ನಮ್ಮತ್ತ ಎಸೆಯುತ್ತಿದ್ದಳು. ಚೆಂಡು ನೋಡುತ್ತಿರಲಿಲ್ಲ, ನನ್ನ ಕಾಲು ನೋಡುತ್ತಿದ್ದಳು. "ಏನೇ ಸುಮಿ, ರಂಗೋಲಿ ಮ್ಯಾಲೆ ಕಾಲು!" ಅನ್ನುವ ಕೂಗಿಗೆ ಹೆದರಿ ನಾನು ಓಡುತ್ತ ಓಡುತ್ತಲೇ ಗೆರೆ ಬಂದ ಕಡೆ ಹಾರುವುದನ್ನು ಕಲಿತೆ. ನನ್ನ ಎದುರಾಳಿ ನಂಜುಂಡಮಾವ. ಅವನ ಬ್ಯಾಟು ತೆಂಗಿನ ಗರಿಯ ಬುಡದ ಮಟ್ಟೆಯಿಂದ ಕೆತ್ತಿದ್ದು. ಆ ಮಟ್ಟೆಯಿಂದ ಹೊರಟ ಚೆಂಡು ಎಲ್ಲಿಗೆ ಹೋಗುತ್ತದೆ ಅನ್ನುವುದು ಮಟ್ಟೆಗೂ ಗೊತ್ತಿರಲಿಲ್ಲ, ಮಾವನಿಗೂ ಗೊತ್ತಿರಲಿಲ್ಲ. ಒಂದು ಮೇಟಿಗೆ ಬಡಿದು ಬಂದರೆ ಇನ್ನೊಂದು ಸಗಣಿ ನೆಲದ ಮೇಲೆ ಏಳದೆ ಜಾರಿಕೊಂಡು ಬರುತ್ತಿತ್ತು. ಇಂಥದ್ದನ್ನೆಲ್ಲ ಎರಡು ಬೇಸಿಗೆ ಹೊಡೆದೆ ನೋಡಿ, ಆಮೇಲೆ ನೇರವಾಗಿ ಬರುವ ಚೆಂಡು ನನಗೆ ಬಾಳೆಹಣ್ಣು ಸುಲಿದು ಕೊಟ್ಟಂತಾಯಿತು. ಭಾನುವಾರ ಬರುತ್ತಿದ್ದ ಅಪ್ಪ ಬಾವಿಕಟ್ಟೆಯ ಮೇಲೆ ಕೂತು, "ಮಣಿಕಟ್ಟು ಸುಮಿ, ಮಣಿಕಟ್ಟು" ಅನ್ನುತ್ತಿದ್ದರು. ನೀವೂ ಆಡಿ ಭಾವ ಅಂತ ಮಾವ ಮಟ್ಟೆ ಚಾಚಿದರೆ, "ಅಯ್ಯೋ ನಂಗೆಲ್ಲಿ ಬರುತ್ತಪ್ಪ, ನಾನು ನೋಡೋನು" ಅಂತ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು.

ಹೀಗಿರುವಾಗ ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ ತುಮಕೂರಿನ ಕ್ಲಬ್ಬಿನಲ್ಲಿ ಸಾಹೇಬರ ಮಕ್ಕಳಿಗೆ ಪಂದ್ಯ ಇಟ್ಟರು. ಹುಡುಗಿಯರಲ್ಲಿ ಹೆಸರು ಕೊಟ್ಟವರು ಮೂರೇ ಜನ. ಜೋಡಿ ಸರಿಹೋಗಬೇಕಲ್ಲ, ಇನ್ನೊಬ್ಬಳು ಬೇಕಾಯಿತು. ಗೋಡೆಗೆ ಚೆಂಡು ಹೊಡೆದುಕೊಂಡಿದ್ದ ಗುಮಾಸ್ತರ ಮಗಳನ್ನು ಕರೆದರು. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಎರಡು ಆಟ ಗೆದ್ದರೆ ಚಾಂಪಿಯನ್. ಮೊದಲನೆಯ ಹುಡುಗಿಗೆ ನೆಗಡಿ, ಅರ್ಧಕ್ಕೇ ಬಿಟ್ಟಳು. ಎರಡನೆಯವಳು ಬೆಂಗಳೂರಿನಿಂದ ವರ್ಗವಾಗಿ ಬಂದಿದ್ದ ಇಂಜಿನಿಯರರ ಮಗಳು ಅನಿತಾ. ಬಿಳಿ ಸ್ಕರ್ಟು, ಬಿಳಿ ಶೂ, ಕೋಚಿಂಗ್ ತೆಗೆದುಕೊಂಡವಳು. ನಾನು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿ ಬರಿಗಾಲಲ್ಲಿ ನಿಂತಿದ್ದೆ. ಗೆರೆ ಬಂದಲ್ಲೆಲ್ಲ ನಾನು ಹಾರುವುದನ್ನು ನೋಡಿ ಪಾಪ, ಅವಳಿಗೆ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ನಾನು ಯಾವಾಗ ನೆಗೆಯುತ್ತೇನೆ, ಯಾವಾಗ ಹೊಡೆಯುತ್ತೇನೆ ಅಂತ ಅಂದಾಜು ಸಿಗದೆ ಸೋತಳು.

ಮಾರನೆಯ ವಾರ ಊರಿನ ಪೇಪರಿನಲ್ಲಿ ನನ್ನ ಫೋಟೋ ಬಂತು. ನೆಲದಿಂದ ಒಂದು ಮೊಳ ಮೇಲೆ ಇದ್ದೇನೆ, ಎರಡು ಜಡೆ ಎರಡು ದಿಕ್ಕಿಗೆ ಹಾರಿವೆ, ಮುಖ ಮಾತ್ರ ರ‍್ಯಾಕೆಟ್ಟಿನ ಹಿಂದೆ. ಕೆಳಗೆ "ಜಿಂಕೆಯಂತೆ ನೆಗೆಯುವ ವಿಶಿಷ್ಟ ಶೈಲಿಯ ತುಮಕೂರಿನ ಟೆನಿಸ್ ತಾರೆ" ಅಂತ ಬರೆದಿದ್ದರು. ಅಷ್ಟೇ, ಊರು ನನ್ನನ್ನು ಎತ್ತಿಕೊಂಡಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದು ಅಂತಾರಲ್ಲ, ಕುಲಾವಿಯೇನು, ಕೂಸಿನ ಮದುವೆಯ ರವಿಕೆಯನ್ನೂ ಹೊಲಿಸಿಟ್ಟರು. ಹೆಡ್‌ಮಿಸ್ಸು ಪ್ರಾರ್ಥನೆಯ ಹೊತ್ತಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿ, "ಬೆಳೆಯುವ ಪೈರು ಮೊಳಕೆಯಲ್ಲಿ, ನೋಡಿಕೊಳ್ಳಿ" ಅಂದರು. ಆ ಮೊಳಕೆಗೆ ಗಣಿತದಲ್ಲಿ ಇಪ್ಪತ್ತೆರಡು ಬಂದಿದ್ದನ್ನು ಯಾರೂ ಎತ್ತಲಿಲ್ಲ. ನಮ್ಮ ಶಾಲೆಯ ಹುಡುಗಿಯರೆಲ್ಲ ಕುಂಟೆಬಿಲ್ಲೆ ಬಿಟ್ಟು ಗೆರೆ ಹಾರತೊಡಗಿದರು. ಡ್ರಿಲ್ ಮೇಷ್ಟ್ರು ಮನೆಗೆ ಬಂದು, ಅತ್ತಿತ್ತ ನೋಡಿ, "ಅಮ್ಮಾವ್ರೇ, ಗುಟ್ಟಾಗಿ ಒಂದೊಂದು ಮೊಟ್ಟೆ ಕೊಡಿ" ಅಂತ ಪಿಸುಗುಟ್ಟಿದರು. ಅಮ್ಮ ಅವರಿಗೆ ಕೊಟ್ಟಿದ್ದ ಕಾಫಿ ಲೋಟವನ್ನು ಹುಣಿಸೇಹಣ್ಣು ಹಾಕಿ ತಿಕ್ಕಿ ತೊಳೆದಳು. ಸುದ್ದಿ ತಿಳಿದ ನಂಜುಂಡಮಾವ ಹುರುಳಿಯ ಚೀಲ ಹೊತ್ತುಕೊಂಡು ಗುಬ್ಬಿಯಿಂದ ಬಂದ.

"ಕುಣಿಗಲ್ ಕುದ್ರೆಗಳು ಏನ್ ತಿಂದು ಓಡ್ತವೆ ಹೇಳು? ಹುರುಳಿ! ಮೊಟ್ಟೆ ಗಿಟ್ಟೆ ಎಲ್ಲಾ ಬುಡು. ಇನ್ಮ್ಯಾಲೆ ಹುರುಳಿ ಕಟ್ಟು, ಹುರುಳಿ ಸಾರು, ಹುರುಳಿ ಉಸ್ಲಿ. ಅಕ್ಕ, ಸುಮಿ ಸ್ಟೇಟಿಗೆ ಸೆಲೆಕ್ಟ್ ಆಗೋಗಂಟ ನಾನು ಗಡ್ಡ ತೆಗೆಯಕ್ಕಿಲ್ಲ ಅಂತ ಹರಕೆ ಹೊತ್ಕಂಡಿವ್ನಿ."

ಸ್ಟೇಟಿಗೆ ಸೆಲೆಕ್ಟ್ ಅಂದರೆ ಏನು ಗೊತ್ತೇ? ಮೂರು ತಿಂಗಳಾದ ಮೇಲೆ ಕುಣಿಗಲ್ಲಿನಲ್ಲಿ ಇನ್ನೊಂದು ಪಂದ್ಯವಿತ್ತು. ಗೆದ್ದವಳನ್ನು ರಾಜ್ಯದ ಕಿರಿಯರ ತಂಡಕ್ಕೆ ಸೇರಿಸಿಕೊಳ್ಳುವುದಕ್ಕೆ ಬೆಂಗಳೂರಿನಿಂದ ಜನ ಬರುವವರಿದ್ದರು. ಊರಿಗೆ ಊರೇ ಆ ದಿನದ ದಾರಿ ಕಾಯತೊಡಗಿತು. ಇದ್ಯಾವುದೂ ನನ್ನ ನಿದ್ದೆ ಕೆಡಿಸಲಿಲ್ಲ. ಹುರುಳಿಯೂ ಅಷ್ಟಾಗಿ ಕೆಡಿಸಲಿಲ್ಲ. ಕೆಡಿಸಿದ್ದು ಒಂದು ಕುರ್ಚಿ.

ನಾನು ಗೆದ್ದ ಮರುದಿನ ಸಂಜೆ ಅಪ್ಪ ಎಂದಿನಂತೆ ಗೆರೆಯಾಚೆ ನಿಂತಿದ್ದರು. ವರಾಂಡದಲ್ಲಿ ಕೂತಿದ್ದ ದೊಡ್ಡ ಸಾಹೇಬರು, "ರುದ್ರಯ್ಯ, ಚಾಂಪಿಯನ್ ತಂದೆ ನೀವು, ಯಾಕೆ ನಿಂತಿದೀರಿ? ಬನ್ನಿ, ಕೂತ್ಕೊಳ್ಳಿ" ಅಂತ ಪಕ್ಕದ ಬೆತ್ತದ ಕುರ್ಚಿ ತೋರಿಸಿದರು. ಅಪ್ಪ ಬೇಡ ಸಾರ್, ಇರಲಿ ಸಾರ್ ಅಂತ ಮೂರು ಸಲ ಹೇಳಿ, ಕೊನೆಗೆ ಕುರ್ಚಿಯ ತುದಿಯಲ್ಲಿ, ಹಕ್ಕಿ ತಂತಿಯ ಮೇಲೆ ಕೂತ ಹಾಗೆ ಕೂತರು. ನಾನು ಕಾಂಪೌಂಡು ಗೋಡೆಯ ಮೇಲಿದ್ದೆ. ಹನ್ನೆರಡು ವರ್ಷ ನಿಂತ ಅಪ್ಪ ಕೂತದ್ದನ್ನು ಕಂಡು ನನಗೆ ಎಷ್ಟು ಖುಷಿಯಾಯಿತೆಂದರೆ, ಅಲ್ಲಿಂದಲೇ ಜೋರಾಗಿ ಚಪ್ಪಾಳೆ ತಟ್ಟಿಬಿಟ್ಟೆ. ಅಪ್ಪ ನನ್ನತ್ತ ನೋಡಿ ನಕ್ಕರು.

ಆದರೆ ಹದಿಮೂರು ವರ್ಷದ ತಲೆ ಖುಷಿಯಲ್ಲೇ ನಿಲ್ಲುವುದಿಲ್ಲ ನೋಡಿ. ಗೆದ್ದದ್ದಕ್ಕೆ ಕುರ್ಚಿ ಕೊಟ್ಟರು, ಹಾಗಾದರೆ ಸೋತರೆ? ಸೋತರೆ ಕುರ್ಚಿ ವಾಪಸ್ಸು. ಅಪ್ಪ ಮತ್ತೆ ಹೋಗಿ ಗೆರೆಯಾಚೆ ನಿಲ್ಲಬೇಕು. ಈ ಲೆಕ್ಕ ನನ್ನ ತಲೆಯೊಳಗೆ ಕೂತದ್ದು ಕೂತದ್ದೇ, ಆಟದಲ್ಲಿದ್ದ ಸುಖವೆಲ್ಲ ಹೋಯಿತು. ಈಗ ನನಗೆ ಕೋರ್ಟಿನಲ್ಲೇ ಅಭ್ಯಾಸ. ವರಾಂಡದಲ್ಲಿ ಸಾಹೇಬರುಗಳ ಸಾಲು, ಆ ಸಾಲಿನಲ್ಲಿ ಅಪ್ಪ. ನಾನು ಒಂದು ಚೆಂಡು ನೆಟ್ಟಿಗೆ ಹೊಡೆದರೆ ಸಾಕು, ಅಪ್ಪ ಕುರ್ಚಿಯಲ್ಲಿ ಮಿಸುಕಾಡುತ್ತಿದ್ದರು. ಇನ್ನೊಂದು ಹೊರಗೆ ಹೋದರೆ ತುಟಿ ಕಚ್ಚಿಕೊಂಡು ಎಡಕ್ಕೆ ವಾಲುತ್ತಿದ್ದರು, ಮತ್ತೊಂದಕ್ಕೆ ಬಲಕ್ಕೆ. ಕೆಲವು ಸಲ ಅರ್ಧ ಎದ್ದು, ಸಾಹೇಬರ ಮುಖ ನೋಡಿ, ಹಲ್ಲು ಕಚ್ಚಿ ಮತ್ತೆ ಕೂರುತ್ತಿದ್ದರು. ಬಾವಿಕಟ್ಟೆಯ ಮೇಲೆ ನಗುನಗುತ್ತ ಮಣಿಕಟ್ಟು ಅನ್ನುತ್ತಿದ್ದ ಅಪ್ಪ ಇವರೇನಾ ಅನ್ನಿಸುತ್ತಿತ್ತು. ಅವರ ಮುಖ ನೋಡಿದಷ್ಟೂ ನಾನು ಬೀಸಿ ಬೀಸಿ ಹೊಡೆಯುತ್ತಿದ್ದೆ, ಬೀಸಿದಷ್ಟೂ ಚೆಂಡು ಕಾಂಪೌಂಡಿನಾಚೆ ಹೋಗುತ್ತಿತ್ತು, ಅಪ್ಪ ಇನ್ನಷ್ಟು ಮಿಸುಕುತ್ತಿದ್ದರು. ಮನೆ ಸೇರಿದವರೇ ಅವರು ನೇರ ಬಚ್ಚಲಿಗೆ ಹೋಗಿ ಎರಡು ಹಂಡೆ ಬಿಸಿನೀರು ಹುಯ್ದುಕೊಳ್ಳುತ್ತಿದ್ದರು. ನನ್ನ ಆಟ ನೋಡಿದ ಸುಸ್ತು ಅಂತ ನಾನು ತಿಳಿದಿದ್ದೆ.

ಅಂತೂ ಕುಣಿಗಲ್ಲಿನ ದಿನ ಬಂತು. ನಮ್ಮ ಚಿಕ್ಕಮ್ಮನ ಮನೆ ಅಲ್ಲೇ ಇದ್ದುದರಿಂದ ಹಿಂದಿನ ದಿನವೇ ನಾವೆಲ್ಲ ಹೋಗಿ ಸೇರಿದ್ದೆವು. ಗುಬ್ಬಿಯಿಂದ ಅಜ್ಜಿ ಬಂದಿದ್ದಳು, ಮೂರು ತಿಂಗಳ ಗಡ್ಡ ಹೊತ್ತ ನಂಜುಂಡಮಾವ ಬಂದಿದ್ದ, ಅವನ ಜೊತೆ ಒಂದು ವ್ಯಾನಿನ ತುಂಬ ನೆಂಟರು ಬಂದಿದ್ದರು. ಸೇವಂತಿಗೆ ಹಾರವನ್ನೂ ಮೊದಲೇ ಕಟ್ಟಿಸಿ ತಂದಿದ್ದ. "ಗೆದ್ಮ್ಯಾಲೆ ಹೂವ ಎಲ್ ಹುಡುಕಾನ?" ಅಂದ. ನಾನು ಆ ಹಾರಕ್ಕೆ ಬೆನ್ನು ತಿರುಗಿಸಿ ಕೂತೆ.

ಬೆಳಿಗ್ಗೆ ನಾವು ಎದ್ದಾಗ ಅಜ್ಜಿ ಇರಲಿಲ್ಲ. ಕೆರೆ ಕಡೆ ಹೋಗಿರಬೇಕು ಅಂದುಕೊಂಡೆವು. ಕೆರೆಯ ಹತ್ತಿರದ ಆ ಟೆನಿಸ್ ಅಂಗಳಕ್ಕೆ ನಾವು ಕಾಲಿಟ್ಟಾಗ ಜನ ಸುತ್ತ ನಿಂತು ಏನನ್ನೋ ನೋಡುತ್ತಿದ್ದರು. ಕೋರ್ಟಿನ ಗೆರೆಗಳೆಲ್ಲ ಬೆಳ್ಳಗೆ, ದಾರ ಹಿಡಿದಷ್ಟು ನೆಟ್ಟಗೆ ಹೊಳೆಯುತ್ತಿದ್ದವು. ನಾಲ್ಕು ಮೂಲೆಯಲ್ಲಿ ನಾಲ್ಕು ಕಮಲ. ಪಕ್ಕದಲ್ಲಿ ಅಜ್ಜಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಗೆರೆಯೆಲ್ಲ ಮಾಸಿಹೋಗಿತ್ತಂತೆ. ಮೊಮ್ಮಗಳು ಆಡುವ ಜಾಗ ಹಾಗಿರಬಹುದೇ? ತನ್ನ ರಂಗೋಲಿ ಡಬ್ಬಿ ತಂದು ತೀಡಿದಳಂತೆ. ಅಲ್ಲಿಯ ಮಾಲಿಯನ್ನು ಕೇಳಿದರೆ, "ಇಷ್ಟು ನೆಟ್ಟಗೆ ಬರೀತಾವ್ರೆ ಅಂದ್ಮೇಲೆ ಕಮಿಟಿಯೋರೇ ಕಳ್ಸಿರ್ಬೇಕು ಅನ್ಕಂಡೆ ಸಾಮಿ" ಅಂದ.

ಬೆಂಗಳೂರಿನಿಂದ ಬಂದಿದ್ದ ಅಂಪೈರು ಟೋಪಿಯ ಎತ್ತರದ ಮನುಷ್ಯರು. ಗೆರೆಗೆ ಅವರ ಆಕ್ಷೇಪಣೆ ಇರಲಿಲ್ಲ, ಕಮಲ ಮಾತ್ರ ಅಳಿಸಿ ಅಂದರು. ಕಮಿಟಿಯ ಅಧ್ಯಕ್ಷರು ಕೈಮುಗಿದು, "ಬೇಡಿ ಸಾರ್, ಮುತ್ತೈದೆ ಬರೆದಿರೋದು, ಹೆಣ್ಮಕ್ಕಳ ಆಟ, ಇರ್ಲಿ ಬಿಡಿ" ಅಂದರು. ಇದ್ದವು.

ನನ್ನ ಎದುರಿಗೆ ಮತ್ತೆ ಅನಿತಾಳೇ. ಮೂರು ತಿಂಗಳಲ್ಲಿ ಅವಳು ನನ್ನ ನೆಗೆತವನ್ನು ಅರೆದು ಕುಡಿದು ಬಂದಿದ್ದಳು. ಮೊದಲ ಸೆಟ್ಟು ನಾನು ಗೆದ್ದೆ, ಎರಡನೆಯದು ಅವಳು. ಮೂರನೆಯದು ಹಗ್ಗಜಗ್ಗಾಟ. ಇತ್ತ ಅಜ್ಜಿಗೆ ಸ್ಕೋರಿನ ಗೊಡವೆಯೇ ಇರಲಿಲ್ಲ. ಅನಿತಾಳ ಬಿಳಿ ಶೂ ಮೊದಲನೆಯ ಕಮಲವನ್ನು ತುಳಿದಾಗ "ಅಯ್ಯೋ" ಅಂದಳು. ಬದಿ ಬದಲಾಯಿಸಿದ ಮೇಲೆ ಎರಡನೆಯದು ಹೋಯಿತು, ಆಮೇಲೆ ಮೂರನೆಯದು. ಉಳಿದದ್ದು ಒಂದು. ಅಜ್ಜಿ ತನ್ನ ಚಾಪೆಯನ್ನು ಎಳೆದುಕೊಂಡು ಹೋಗಿ ಆ ಕೊನೆಯ ಕಮಲದ ಪಕ್ಕದಲ್ಲೇ ಕಾವಲು ಕೂತಳು.

ನಾನು ಆಗಾಗ ಅಪ್ಪನ ಕಡೆ ಕಣ್ಣು ಹಾಯಿಸುತ್ತಿದ್ದೆ. ಅಲ್ಲಿ ಅವರಿಗೆ ಕಬ್ಬಿಣದ ಮಡಚುವ ಕುರ್ಚಿ ಹಾಕಿದ್ದರು. ವಿಚಿತ್ರವೆಂದರೆ ಅವತ್ತು ಅವರು ಮಿಸುಕಾಡಲಿಲ್ಲ. ನಾನು ಎಂಥ ಕೆಟ್ಟ ಹೊಡೆತ ಹೊಡೆದರೂ ಕಾಲ ಮೇಲೆ ಕಾಲು ಹಾಕಿಕೊಂಡು ಹಾಯಾಗಿ ಕೂತಿದ್ದರು. ಆಸೆ ಬಿಟ್ಟುಬಿಟ್ಟರು ಅಂದುಕೊಂಡೆ.

ಕೊನೆಗೆ ನನಗೆ ಇನ್ನೊಂದೇ ಒಂದು ಪಾಯಿಂಟು ಬೇಕು ಅನ್ನುವಲ್ಲಿಗೆ ಬಂತು. ಅನಿತಾ ಬೀಸಿ ಹೊಡೆದಳು. ಚೆಂಡು ನನ್ನ ತಲೆಯ ಮೇಲಿಂದ ಮೂಲೆಗೆ ಹೋಯಿತು. ಮುಟ್ಟುವ ದೂರವಲ್ಲ, ನಾನು ಬಿಟ್ಟೆ. ಚೆಂಡು ಒಳಗೋ ಹೊರಗೋ ಹೇಳುವುದಕ್ಕೆ ಗೆರೆಯ ಹತ್ತಿರ ನಿಲ್ಲಿಸಿದ್ದ ನಮ್ಮ ತುಮಕೂರಿನ ಕಡೆಯವರೊಬ್ಬರು ಕೈ ಎತ್ತಿ "ಔಟ್!" ಅಂತ ಕೂಗಿದರು. ನಮ್ಮ ಜನವೆಲ್ಲ ಎದ್ದು ಕುಣಿಯಿತು. ನಂಜುಂಡಮಾವ ಹಾರ ಬಿಚ್ಚಿ ಹಿಡಿದು ಒಳಗೇ ನುಗ್ಗಿದ. ನಾನು ಕಣ್ಣು ಮುಚ್ಚಿಕೊಂಡೆ. ಕುರ್ಚಿ ಉಳೀತು ದೇವರೇ ಅಂದುಕೊಂಡೆ.

ಆಗ ಆ ಗದ್ದಲವನ್ನೆಲ್ಲ ಸೀಳಿಕೊಂಡು ಅಜ್ಜಿಯ ದನಿ ಬಂತು.

"ಅಯ್ಯಯ್ಯೋ, ನನ್ ಕಮಲ! ನಾಕ್ರಾಗೆ ಒಂದ್ ಉಳಿದಿತ್ತಲ್ಲೇ ಹುಡ್ಗಿ, ಅದ್ಕೂ ಚೆಂಡು ಹೊಡ್ದ್ ಕೆಡಿಸ್ಬುಟ್ಯಲ್ಲೇ! ನೋಡ್ರಪ್ಪ, ಎಲ್ಡು ಎಸಳೇ ಹೋಗ್ಬುಟ್ಟವೆ!"

ಕುಣಿಯುತ್ತಿದ್ದವರು ಕುಣಿಯುತ್ತಿದ್ದ ಹಾಗೇ ನಿಂತರು. ಅಂಪೈರು ಎತ್ತರದ ಕುರ್ಚಿಯಿಂದ ಇಳಿದು ಬಂದರು. ಟೋಪಿ ತೆಗೆದು, ಬಗ್ಗಿ, ಕಮಲವನ್ನು ನೋಡಿದರು. ಗೆರೆಯ ಒಳಗಿದ್ದ ಕಮಲ, ಅದರ ನಡುವೆ ಚೆಂಡಿನ ದುಂಡನೆಯ ಗುರುತು, ಅಳಿಸಿದ ಎರಡು ಎಸಳು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಅವರು ಅಜ್ಜಿಗೆ, "ಥ್ಯಾಂಕ್ಸ್ ಅಮ್ಮ" ಅಂತ ಹೇಳಿ ಪಾಯಿಂಟನ್ನು ಅನಿತಾಳಿಗೆ ಕೊಟ್ಟರು. ಅಜ್ಜಿಗೆ ತಾನು ಏನು ಮಾಡಿದೆ ಅನ್ನುವುದು ತಿಳಿಯಲಿಲ್ಲ. ಟೋಪಿ ಸಾಹೇಬರು ತನ್ನ ರಂಗೋಲಿಗಾಗಿ ಮರುಗಿದರು ಅಂದುಕೊಂಡು, "ಇರ್ಲಿ ಬುಡಪ್ಪ, ಮಕ್ಳು, ಬೈಯಬ್ಯಾಡ" ಅಂತ ಅವರನ್ನೇ ಸಮಾಧಾನ ಮಾಡಿದಳು.

ನನಗೆ ನಗು ಬಂತು. ಎಲ್ಲಿತ್ತೋ ಏನೋ, ಮೂರು ತಿಂಗಳಿಂದ ಹುರುಳಿಯ ಕೆಳಗೆ ಹೂತುಹೋಗಿದ್ದ ನಗು ಒಂದೇ ಸಲ ಉಕ್ಕಿತು. ಹಾರ ಹಿಡಿದು ಕೋರ್ಟಿನ ಮಧ್ಯೆ ನಿಂತ ಗಡ್ಡದ ಮಾವನನ್ನು ನೋಡಿದೆ, ಇನ್ನೂ ಜೋರಾಯಿತು. ನೆಟ್ಟಿನಾಚೆ ಅನಿತಾ ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆಮೇಲೆ ನಾವಿಬ್ಬರೂ ಆಡಿದ ಆಟವಿದೆಯಲ್ಲ, ಅಷ್ಟು ಚೆನ್ನಾಗಿ ನಾನು ಹಿಂದೆಂದೂ ಆಡಿರಲಿಲ್ಲ. ಗುಬ್ಬಿಯ ಕಣದಲ್ಲಿದ್ದ ಹಾಗೆ ಗೆರೆಗೆರೆಗೂ ಹಾರಿದೆ, ಮನಸ್ಸು ಬಂದ ಹಾಗೆ ಹೊಡೆದೆ, ಮತ್ತು ಸೋತೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನನಗೆ ಆ ದಾರಿಯೂ ಇರಲಿಲ್ಲ. ನೆಲವನ್ನು ನಮ್ಮಜ್ಜಿಯೇ ನೆಟ್ಟಗೆ ಮಾಡಿಕೊಟ್ಟಿದ್ದಳು.

ಸಂಜೆಯ ಬಸ್ಸಿನಲ್ಲಿ ಅಪ್ಪ, ನಾನು ಒಂದೇ ಸೀಟಿನಲ್ಲಿ ಕೂತೆವು. ಕೆರೆಯ ನೀರು ಕಿಟಕಿಯಾಚೆ ಬಹಳ ಹೊತ್ತು ಜೊತೆಗೇ ಬಂತು. ನೀರು ಮುಗಿದ ಮೇಲೆ ನಾನು ಅಳುವುದಕ್ಕೆ ಶುರು ಮಾಡಿದೆ.

"ಸೋತಿದ್ದಕ್ಕಾ? ಥೂ ಹುಚ್ಚಿ. ಎಂಥಾ ಚೆನ್ನಾಗಿ ಆಡ್ದೆ ಕಣಮ್ಮ" ಅಂದರು ಅಪ್ಪ.

"ಕುರ್ಚಿ ಹೋಯ್ತಲ್ಲಪ್ಪ."

"ಯಾವ ಕುರ್ಚಿ?"

"ಕ್ಲಬ್ಬಿಂದು. ಇನ್ನು ನಿಮ್ಮನ್ನ ಕೂರಿಸಲ್ವಲ್ಲ ಅವ್ರು."

ಅಪ್ಪ ಬಸ್ಸಿನ ಕಂಡಕ್ಟರು ಹಿಂತಿರುಗಿ ನೋಡುವಷ್ಟು ಜೋರಾಗಿ ನಕ್ಕರು. "ಅಯ್ಯೋ ನಮ್ಮಮ್ಮ! ಆ ಕುರ್ಚೀಲಿ ತಿಗಣೆ ಕಣೇ! ಬೆತ್ತದ ಸಂದಿ ಸಂದೀಲೂ ತಿಗಣೆ. ಕೂತ್ರೆ ಸಾಕು, ಕಿತ್ತು ತಿಂತಿದ್ವು. ಸಾಹೇಬರ ಪಕ್ಕ ಕೆರ್ಕೊಳ್ಳೋ ಹಾಗಿಲ್ಲ, ಏಳೋ ಹಾಗಿಲ್ಲ. ಮೂರು ತಿಂಗಳು ಪ್ರಾಣ ಹೋಗಿದೆ ನಂಗೆ."

ಎಡಕ್ಕೆ ವಾಲಿದ್ದು, ಬಲಕ್ಕೆ ವಾಲಿದ್ದು, ತುಟಿ ಕಚ್ಚಿದ್ದು, ಎರಡು ಹಂಡೆ ಬಿಸಿನೀರು ಎಲ್ಲವೂ ನನಗೆ ಒಂದೊಂದಾಗಿ ಕಣ್ಣ ಮುಂದೆ ಬಂತು. ಅಳುವುದೋ ನಗುವುದೋ ಗೊತ್ತಾಗಲಿಲ್ಲ.

"ಮತ್ತೆ ಯಾಕೆ ಕೂತಿದ್ರಿ? ಬೇಡ ಅನ್ನಬಹುದಿತ್ತಲ್ಲ."

"ಮೊದಲ್ನೇ ದಿನ ಗೋಡೆ ಮೇಲಿಂದ ಚಪ್ಪಾಳೆ ತಟ್ಟಿದೆಯಲ್ಲಮ್ಮ ನೀನು. ಅಷ್ಟು ಖುಷಿ ಪಟ್ಟಿದೆ ಮಗು, ಎದ್ದುಬಿಟ್ರೆ ಬೇಜಾರು ಮಾಡ್ಕೊಳ್ಳುತ್ತೆ ಅಂತ ಕೂತಿದ್ದೆ."

ಬಸ್ಸು ತುಮಕೂರು ಸೇರುವವರೆಗೂ ಒಬ್ಬರನ್ನೊಬ್ಬರು ನೋಡುವುದು, ನಗುವುದು ಇಷ್ಟೇ ಮಾಡಿದೆವು. ಅಮ್ಮ ಹಿಂದಿನ ಸೀಟಿನಿಂದ, "ಏನೂಂದ್ರೆ, ಸೋತು ಬಂದವ್ರು ಹಿಂಗಾ ನಗೋದು? ಜನ ಏನಂತಾರೆ" ಅಂತ ಗದರಿದಳು.

ಊರು ನಾಲ್ಕು ದಿನ ಬೇಜಾರು ಮಾಡಿಕೊಂಡಿತು, ಐದನೆಯ ದಿನ ಕಬಡ್ಡಿ ಆಡುವ ಒಬ್ಬನನ್ನು ಹುಡುಕಿಕೊಂಡಿತು. ನಂಜುಂಡಮಾವ ಮಾರನೆಯ ದಿನವೇ ಗಡ್ಡ ಬೋಳಿಸಿ, "ಒಂದ್ ಗಳಿಗೆ ಗೆದ್ದಿದ್ಲಲ್ಲ, ದ್ಯಾವ್ರು ಅಷ್ಟಕ್ಕೇ ಒಪ್ಕತಾನೆ ಬುಡು" ಅಂತ ತಾನೇ ತೀರ್ಪು ಕೊಟ್ಟುಕೊಂಡ. ಅನಿತಾ ರಾಜ್ಯದ ತಂಡಕ್ಕೆ ಹೋದಳು, ಬಹಳ ವರ್ಷ ನನಗೆ ಕಾಗದ ಬರೆಯುತ್ತಿದ್ದಳು. ನಾನು ಮುಂದೆ ದೊಡ್ಡ ಆಟಗಾರ್ತಿಯೇನೂ ಆಗಲಿಲ್ಲ. ಕಾಲೇಜಿನ ತನಕ ಆಡಿದೆ, ಎಂಬತ್ತರ ದಶಕದಲ್ಲಿ ಮೇಡಂ ಆದ ಮೇಲೆ ಶಾಲೆಯ ಹೆಣ್ಣುಮಕ್ಕಳಿಗೆ ಹೇಳಿಕೊಟ್ಟೆ, ಅಷ್ಟೆ.

ಆದರೆ ಆ ವರ್ಷದ ಬೇಸಿಗೆಯನ್ನು ಹೇಳದೆ ಮುಗಿಸಲಾರೆ. ಗುಬ್ಬಿಯ ಕಣ ಮತ್ತೆ ಸಗಣಿ ಬಳಿಸಿಕೊಂಡು ಕೂತಿತ್ತು. ಅಜ್ಜಿ ಎಂದಿನ ಕೋರ್ಟು ಬರೆದು, ಎಂದಿನ ನಾಲ್ಕು ಕಮಲ ಅರಳಿಸಿ, ಮೊರದಲ್ಲಿ ಚೆಂಡಿಟ್ಟುಕೊಂಡು ಕೂತಳು. ಭಾನುವಾರ ಅಪ್ಪ ಬಂದರು, ಬಾವಿಕಟ್ಟೆಯ ಕಡೆ ಹೊರಟರು. ನಾನು ಓಡಿ ಹೋಗಿ ರ‍್ಯಾಕೆಟ್ಟನ್ನು ಅವರ ಕೈಗಿಟ್ಟೆ.

"ನಂಗೆಲ್ಲಿ ಬರುತ್ತಮ್ಮ, ನಾನು ನೋಡೋ..."

"ಕೂರಬೇಡಿ ಅಪ್ಪ. ಕಟ್ಟೇಲೂ ತಿಗಣೆ ಇದೆ."

ಅಪ್ಪ ಪಂಚೆ ಎತ್ತಿ ಕಟ್ಟಿದರು. ಜೀವನದಲ್ಲಿ ಮೊದಲ ಸಲ ಆಡುವುದಕ್ಕೆ ಅಂತ ಗೆರೆ ದಾಟಿ ಕೋರ್ಟಿನ ಒಳಗೆ ಬಂದರು. ನಾನು ಮಾವನ ಮಟ್ಟೆ ಹಿಡಿದು ಮೆಲ್ಲಗೆ ಒಂದು ಚೆಂಡು ಕಳಿಸಿದೆ. ಹನ್ನೆರಡು ವರ್ಷ ಕಣ್ಣಲ್ಲೇ ಕಲಿತ ವಿದ್ಯೆಯೆಲ್ಲ ಸೇರಿಸಿ, ಮಣಿಕಟ್ಟು ತಿರುಗಿಸಿ, ಭರ್ಜರಿಯಾಗಿ ಬೀಸಿದರು. ಚೆಂಡು ಅವರ ಹಿಂದೆ ಹುಲ್ಲಿನ ಬಣವೆಯೊಳಗೆ ಹೋಗಿತ್ತು. ಎರಡನೆಯದು ಸಿಕ್ಕಿತು, ಸಿಕ್ಕಿದ್ದೇ ತಡ ಬಾವಿಗೆ ಹೋಯಿತು. ಅಪ್ಪನಿಗೆ ಯಾವುದರ ಪರಿವೆಯೂ ಇಲ್ಲ. ಮುಖವೆಲ್ಲ ನಗು, ಮೈಯೆಲ್ಲ ಬೆವರು. ಓಡುತ್ತಾರೆ, ಜಾರುತ್ತಾರೆ, ನೆಟ್ಟಿನ ಹತ್ತಿರ ಬರುತ್ತಾರೆ, ಹಿಂದೆ ಹೋಗುತ್ತಾರೆ. ಗೆರೆ ಅನ್ನುವುದೊಂದು ಇದೆ ಅನ್ನುವುದನ್ನೇ ಮರೆತು ರಂಗೋಲಿಯನ್ನೆಲ್ಲ ಕಾಲಲ್ಲಿ ಕಲಸಿಹಾಕಿದರು. ಮೊದಲ ಕಮಲ ಹೋಯಿತು, ಎರಡನೆಯದೂ ಹೋಯಿತು.

ನಾನು ಹೆದರಿಕೊಂಡು ಅಜ್ಜಿಯ ಮುಖ ನೋಡಿದೆ. ಅಜ್ಜಿ ಗಲ್ಲಕ್ಕೆ ಕೈ ಕೊಟ್ಟುಕೊಂಡು ಅಳಿಯನನ್ನೇ ನೋಡುತ್ತ ಕೂತಿದ್ದಳು.

"ಅಜ್ಜಿ, ಅಪ್ಪ ರಂಗೋಲಿ ತುಳೀತಿದಾರೆ" ಅಂದೆ, ಮೆಲ್ಲಗೆ.

"ತುಳೀಲಿ ಬುಡು" ಅಂದಳು ಅಜ್ಜಿ, ಮೊರದಿಂದ ಇನ್ನೊಂದು ಚೆಂಡು ಎತ್ತಿಕೊಳ್ಳುತ್ತ. "ಇಷ್ಟ್ ವರ್ಷ ಗೆರೆಯಿಂದಾಚೆನೇ ನಿಂತಿದ್ರು, ಪಾಪ. ನಾಳೆ ನಾನು ಬರೀತೀನಿ."